ಹಳೇ ಗೀಸರ್ ಕೈಕೊಟ್ಟಿದೆ: ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಬೋರ್ ನೀರಿನ ಮನೆ. 25 ಲೀಟರಿನ ಗೀಸರ್‌ಗೆ ಎಂಟು ವರ್ಷವಾಯಿತು. ಈಗೀಗ ದೀಪ ಬೇಗ ಆರಿಹೋಗುತ್ತದೆ, ನೀರು ಮಾತ್ರ ಉಗುರುಬೆಚ್ಚಗೇ ಇರುತ್ತದೆ. ಒಳಗಿಂದ ಚಟಪಟ ಸದ್ದು ಬೇರೆ. ಮಿಸ್ತ್ರಿ ಹೊಸದೇ ತಗೊಳ್ಳಿ ಅಂತಾರೆ. ರಿಪೇರಿಗೆ ಹಾಕಿದ ದುಡ್ಡು ದಂಡವಾ?

ಉತ್ತರ: ದಂಡವಲ್ಲ, ಒಳಗಿನ ಟ್ಯಾಂಕ್ ಗಟ್ಟಿಯಾಗಿದ್ದರೆ. ಗೀಸರ್‌ನಲ್ಲಿ ಕಾಯಿಲ್, ಥರ್ಮೋಸ್ಟಾಟ್, ವಾಲ್ವ್, ರಬ್ಬರ್ ವಾಷರ್ ಎಲ್ಲವನ್ನೂ ಬದಲಾಯಿಸಬಹುದು. ಟ್ಯಾಂಕ್ ತೂತಾದರೆ ಮಾತ್ರ ಕಥೆ ಮುಗಿಯಿತು. ಹಾಗಾಗಿ ವಯಸ್ಸು ನೋಡಿ ತೀರ್ಮಾನ ಮಾಡಬೇಡಿ. ಬಿಚ್ಚಿಸಿ ನೋಡಿ ತೀರ್ಮಾನ ಮಾಡಿ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಹೆಚ್ಚಾಗಿ ಸುಣ್ಣದ ಕೆಲಸ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಕಲ್ಲೂ ಅದೇ, ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೇ. ಮಳೆನೀರು ಆ ಕಲ್ಲಿನ ಸಂದಿಯಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡೇ ಬೋರ್‌ಗೆ ಬರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳಿ ಪದರ ಕೂರುತ್ತಿದ್ದರೆ ನಿಮ್ಮ ನೀರು ಗಡಸು ಅಂತಲೇ ಲೆಕ್ಕ. ಬೀದರಿನ ಜಂಬಿಟ್ಟಿಗೆಯಲ್ಲಿ ಸುಣ್ಣ ತೀರ ಕಡಿಮೆ. ಅಲ್ಲಿನ ಮೇಲುಬಾವಿಗಳ ನೀರಿಗೆ ಈ ಕಾಟ ಅಷ್ಟಿಲ್ಲ.

ಕರಗಿದ ಸುಣ್ಣ ತಣ್ಣೀರಿನಲ್ಲಿ ಕಾಣುವುದಿಲ್ಲ. ನೀರು ಬಿಸಿಯಾದಾಗ ಗಟ್ಟಿಯಾಗಿ ಹೊರಬರುತ್ತದೆ. ಎಲ್ಲಕ್ಕಿಂತ ಬಿಸಿ ಜಾಗ ಕಾಯಿಲ್ ತಾನೇ? ಅಲ್ಲೇ ಮೊದಲು ಕೂರುತ್ತದೆ. ಪದರದ ಸಂದಿಯಲ್ಲಿ ಸಿಕ್ಕಿಬಿದ್ದ ನೀರು ಕುದಿದು ಆವಿಯಾಗುವುದೇ ನೀವು ಕೇಳುವ ಚಟಪಟ. ಥರ್ಮೋಸ್ಟಾಟ್‌ನ ಕಡ್ಡಿಗೂ ಸುಣ್ಣ ಮೆತ್ತಿಕೊಂಡರೆ ಅದರ ಸುತ್ತ ಮಾತ್ರ ಬಿಸಿ ಏರುತ್ತದೆ. ಅದು ನೀರು ಕಾಯಿತು ಅಂದುಕೊಂಡು ಬೇಗ ಆಫ್ ಆಗುತ್ತದೆ. ಉಳಿದ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಥರ್ಮೋಸ್ಟಾಟ್ ತಾನೇ ಸವೆದಿದ್ದರೂ ಹೀಗಾಗಬಹುದು. ಅದು ಸಣ್ಣ ಭಾಗ, ಬದಲಾಯಿಸುವುದು ಸುಲಭ.

ದೀಪ ಆರದೆ ಉರಿಯುತ್ತಲೇ ಇದ್ದು ನೀರು ನಿಧಾನ ಕಾಯುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿಸಿ. 2000 ವಾಟ್‌ನ ಕಾಯಿಲ್ 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 35 ನಿಮಿಷ ಸಾಕು, 1.2 ಯೂನಿಟ್ ಕರೆಂಟ್ ಬೇಕು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಗೀಸರ್‌ನ ತಪ್ಪೇ ಇರುವುದಿಲ್ಲ, ಸುಮ್ನೆ ಹೊಸದು ತಂದಿರುತ್ತೀರಿ. ದೀಪ ಉರಿದೂ ನೀರು ಪೂರಾ ತಣ್ಣಗಿದ್ದರೆ ಕಾಯಿಲ್ ಸುಟ್ಟಿದೆ.

ಬಿಚ್ಚಿದಾಗ ನೀವೂ ಪಕ್ಕದಲ್ಲಿ ನಿಂತಿರಿ. ಮೇನ್ ಆಫ್ ಆಗಿರಲಿ, ನೀರು ಪೂರ್ತಿ ಖಾಲಿಯಾಗಲಿ. ಕಾಯಿಲ್ ಜೊತೆ ಒಂದು ಮೆಗ್ನೀಸಿಯಂ ಕಡ್ಡಿ ಹೊರಬರುತ್ತದೆ. ಇದರ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ, ನನಗೆ ಬೇಜಾರಾಗುವುದು ಇದಕ್ಕೇ. ಟ್ಯಾಂಕಿನ ಉಕ್ಕಿಗೆ ಹಿಡಿಯಬೇಕಾದ ತುಕ್ಕನ್ನು ಈ ಕಡ್ಡಿ ತಾನು ತೆಗೆದುಕೊಂಡು ಕರಗುತ್ತದೆ. ಅದು ಪೂರ್ತಿ ಕರಗಿದ ಮೇಲೆ ತುಕ್ಕು ಟ್ಯಾಂಕಿಗೇ ಹತ್ತುತ್ತದೆ. ನಮ್ಮ ಬೋರ್ ನೀರಿಗೆ ವರ್ಷಕ್ಕೊಮ್ಮೆ ನೋಡಿಸಿ, ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಬದಲಾಯಿಸಿ. ಎಂಟು ವರ್ಷ ಯಾರೂ ಮುಟ್ಟಿಲ್ಲವೆಂದರೆ ಒಳಗೆ ತಂತಿಯಷ್ಟೇ ಉಳಿದಿರಬಹುದು.

ಕಾಯಿಲ್ ಮೇಲಿನ ಸುಣ್ಣಕ್ಕೆ ಬಚ್ಚಲು ತೊಳೆಯುವ ಆಸಿಡ್ ಹಾಕಲು ಬಿಡಬೇಡಿ. ಅದು ಲೋಹವನ್ನೂ ತಿನ್ನುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ವೈರ್ ಕೂಡಿಸುವ ತುದಿ ನೆನೆಯದಂತೆ ಕಾಯಿಲ್ ಅದ್ದಿಟ್ಟರೆ ಪದರ ಮೆತ್ತಗಾಗಿ ಬಿಡುತ್ತದೆ. ಕಾಯಿಲ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ.

ಇನ್ನು ಟ್ಯಾಂಕ್. ಬಿಸಿನೀರಿನಲ್ಲಿ ತುಕ್ಕಿನ ಕೆಂಪು ಬರುತ್ತಿದೆಯಾ? ಕವಚದ ಅಡಿಯಿಂದ ನೀರು ಜಿನುಗುತ್ತಿದೆಯಾ? ಜಿನುಗು ಕಾಯಿಲ್ ಕೂರಿಸುವ ಜಾಗದ್ದಾದರೆ ವಾಷರ್ ಬದಲಾಯಿಸಿದರೆ ನಿಲ್ಲುತ್ತದೆ. ಟ್ಯಾಂಕಿನದೇ ಆದರೆ ವೆಲ್ಡಿಂಗ್ ಮಾಡಿಸಬೇಡಿ. ಬಹುಪಾಲು ಟ್ಯಾಂಕುಗಳ ಒಳಗೆ ಗಾಜಿನ ಲೇಪ ಇರುತ್ತದೆ, ವೆಲ್ಡಿಂಗ್ ಬಿಸಿಗೆ ಅದು ಒಡೆಯುತ್ತದೆ. ಆಗ ಹೊಸದೇ ಸರಿ. ಕಾಯಿಸುವಾಗ ಸುರಕ್ಷತಾ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ದೋಷವಲ್ಲ, ಬಿಸಿನೀರು ಹಿಗ್ಗುತ್ತದೆ. ಆ ವಾಲ್ವಿಗೆ ಮಾತ್ರ ಯಾವತ್ತೂ ಮುಚ್ಚಳ ಹಾಕಬೇಡಿ. ಒತ್ತಡ ಹೊರಹೋಗಲು ದಾರಿ ಇಲ್ಲದಿದ್ದರೆ ಟ್ಯಾಂಕ್ ಸಿಡಿಯಬಹುದು.

ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದಾ? ಅವತ್ತೇ ಮೇನ್ ಆಫ್ ಮಾಡಿ, ಸರಿಯಾಗುವ ತನಕ ಬಳಸಬೇಡಿ. ಕಾಯಿಲ್ ಸೀಳಿರಬಹುದು, ಅರ್ಥಿಂಗ್ ಸತ್ತಿರಬಹುದು. ನಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಸರಳಿನ ಹಿಡಿತ ತಪ್ಪುತ್ತದೆ. ಗುಂಡಿಗೆ ನೀರು ಹಾಕುವುದು ಮರೆಯಬೇಡಿ.

ಹೊಸದೇ ತರುವುದಾದರೆ ಸ್ಟಾರ್ ಜಾಸ್ತಿ ಇರುವುದನ್ನೇ ನೋಡಿ, ನೀರು ತಣ್ಣಗಾಗದಂತೆ ಹಿಡಿದಿಡುವ ಗುಣಕ್ಕೇ ಆ ಸ್ಟಾರ್. ಗಡಸು ನೀರಿಗೆ ಹೊಂದುವುದಾ ಎಂದು ಕೇಳಿ, 16 ಆಂಪಿಯರ್ ಪಾಯಿಂಟ್ ಕೊಡಿಸಿ. ಹಳೆಯದಾಗಲಿ ಹೊಸದಾಗಲಿ, 50–55 ಡಿಗ್ರಿ ಸಾಕು. ಬಿಸಿ ಏರಿದಷ್ಟೂ ಸುಣ್ಣ ಜಾಸ್ತಿ. ಮಾರ್ಚ್ ಬಂದರೆ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರೇ ಸುಡುತ್ತದೆ, ಗೀಸರ್ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮೇನ್ ಆಫ್ ಮಾಡಿ ಆಗ ಅದರ ನೀರು ಖಾಲಿ ಮಾಡಿಡಿ. ದೀಪಾವಳಿ ಹೊತ್ತಿಗೆ ಮತ್ತೆ ಶುರು ಮಾಡುವಾಗ ಮೊದಲು ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆ ಸ್ವಿಚ್ ಹಾಕಿ.