ಕಾಲೇಜು ಯಾವ ಕಡೆ ವಾಲಿದೆ ಎಂದು ಗೊತ್ತಾಗುವುದು ಹೇಗೆ?

ಪ್ರಶ್ನೆ: ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯೇ ನಡೆಯುವುದಿಲ್ಲ. ಆದರೂ ‘ಆ ಕಾಲೇಜು ಎಡ, ಈ ಕಾಲೇಜು ಬಲ’ ಎನ್ನುತ್ತಾರಲ್ಲ, ಯಾವ ಆಧಾರದ ಮೇಲೆ?

ಉತ್ತರ: ಹೆಚ್ಚಾಗಿ ಗದ್ದಲದ ಆಧಾರದ ಮೇಲೆ. ಗೇಟಿನ ಮುಂದೆ ಯಾರ ಬಾವುಟ ಕಾಣುತ್ತದೋ ಕಾಲೇಜು ಅವರದೆಂದು ಜನ ತೀರ್ಮಾನಿಸಿಬಿಡುತ್ತಾರೆ. ಬಸ್ ಪಾಸ್‌ಗೋ ಸ್ಕಾಲರ್‌ಶಿಪ್‌ಗೋ ಎಡಪಂಥೀಯ ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒ ಪ್ರತಿಭಟನೆ ಕರೆದರೆ ಬರುವವರೆಲ್ಲ ಎಡಪಂಥೀಯರಲ್ಲ, ಸಂಘ ಪರಿವಾರದ ಎಬಿವಿಪಿ ಮೆರವಣಿಗೆಯಲ್ಲಿ ನಡೆದವರೆಲ್ಲ ಬಲಪಂಥೀಯರೂ ಅಲ್ಲ. ಪಾಸ್ ಬೇಕಾದವರು ಪಾಸ್‌ಗಾಗಿ ಬಂದಿರುತ್ತಾರೆ, ಅಷ್ಟೆ.

ಚುನಾವಣೆ ಇದ್ದಿದ್ದರೆ ತಿಳಿಯುತ್ತಿತ್ತೇ? ಅದೂ ಅರೆಬರೆ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ 2024ರಲ್ಲಿ ನಡೆದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನ ಕಾಂಗ್ರೆಸ್‌ನ ವಿದ್ಯಾರ್ಥಿ ಘಟಕ ಎನ್‌ಎಸ್‌ಯುಐಗೆ, ಉಪಾಧ್ಯಕ್ಷ ಸ್ಥಾನ ಎಬಿವಿಪಿಗೆ ಹೋಯಿತು. ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. ಮನೆಯಲ್ಲೇ ಉಳಿದವರ ಒಲವು ಯಾವ ಕಡೆಗೆಂದು ಆ ಫಲಿತಾಂಶ ಹೇಳುವುದಿಲ್ಲ.

ಅಧ್ಯಾಪಕರ ಮತವನ್ನು ಎಣಿಸುವ ಒಂದು ಜಾಗ ನಮ್ಮಲ್ಲಿದೆ: ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ. 75 ಸ್ಥಾನಗಳಲ್ಲಿ 7ನ್ನು ಶಿಕ್ಷಕರೇ ಮತ ಹಾಕಿ ಆರಿಸುತ್ತಾರೆ. ಮತದಾರರ ಪಟ್ಟಿಗೆ ಸೇರಲು ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ ಪಾಠ ಮಾಡಿರಬೇಕು, ನಮೂನೆ 19ರಲ್ಲಿ ಅರ್ಜಿ ಕೊಡಬೇಕು. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿಯೇ ತಯಾರಾಗುತ್ತದೆ. ಕಳೆದ ಸಲ ಹೆಸರಿತ್ತೆಂದು ಸುಮ್ಮನಿದ್ದವರ ಹೆಸರು ಈ ಸಲ ಇರುವುದಿಲ್ಲ. ಇನ್ನೊಂದು ತೊಡಕು: ಹೈಸ್ಕೂಲ್ ಮೇಷ್ಟ್ರುಗಳಿಗೂ ಇಲ್ಲೇ ಮತ. ಹಾಗಾಗಿ ಕಾಲೇಜಿನವರ ಮತವನ್ನಷ್ಟೇ ಬೇರ್ಪಡಿಸಿ ನೋಡಲಾಗದು.

ಇನ್ನು ಫಲಿತಾಂಶ. ಬೆಂಗಳೂರು ಶಿಕ್ಷಕರ ಕ್ಷೇತ್ರದಲ್ಲಿ ಪುಟ್ಟಣ್ಣ 2014ರಲ್ಲಿ ಜೆಡಿಎಸ್‌ನಿಂದ, 2020ರಲ್ಲಿ ಬಿಜೆಪಿಯಿಂದ, 2024ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಪಶ್ಚಿಮ ಶಿಕ್ಷಕರ ಕ್ಷೇತ್ರದ ಬಸವರಾಜ ಹೊರಟ್ಟಿ 2022ರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿ ಸೇರಿ ಎಂಟನೇ ಬಾರಿ ಆರಿಸಿಬಂದರು. ಬೆಂಗಳೂರಿನ ಮೇಷ್ಟ್ರುಗಳೆಲ್ಲ ಹತ್ತು ವರ್ಷದಲ್ಲಿ ಮೂರು ಸಿದ್ಧಾಂತ ಬದಲಿಸಿದರೆಂದು ನಂಬುವುದು ಕಷ್ಟ. ಅಲ್ಲಿ ಓಡುವುದು ಕಾಲ್ಪನಿಕ ವೇತನ (ಅನುದಾನಕ್ಕೆ ಮೊದಲಿನ ಸೇವೆಯನ್ನೂ ಸಂಬಳಕ್ಕೆ ಲೆಕ್ಕ ಹಿಡಿಯುವುದು), ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿ, ವರ್ಗಾವಣೆ, ಜೊತೆಗೆ ಫೋನ್ ಮಾಡಿದರೆ ಎತ್ತುವ ಅಭ್ಯರ್ಥಿ.

ನೇರವಾಗಿ ಕೇಳಿದರೆ? ಸರ್ಕಾರಿ ಕಾಲೇಜಿನ ಅಧ್ಯಾಪಕರು ನಡತೆ ನಿಯಮಗಳ ಪ್ರಕಾರ ಪಕ್ಷದ ಸದಸ್ಯರಾಗುವಂತಿಲ್ಲ, ಯಾರಿಗೆ ಮತ ಹಾಕಿದೆನೆಂಬ ಸುಳಿವನ್ನೂ ಕೊಡುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟವರು ನಾಲ್ವರಾದರೆ ಇಡೀ ವಿಭಾಗಕ್ಕೇ ಅವರ ಬಣ್ಣ ಅಂಟುತ್ತದೆ.

ವಿದ್ಯಾರ್ಥಿಗಳ ಒಲವನ್ನಾದರೂ ಅಳೆಯಲೇಬೇಕೆಂದರೆ ವಾಟ್ಸ್‌ಆ್ಯಪ್ ಗುಂಪಿಗೆ ಫಾರ್ಮ್ ಕಳಿಸಬೇಡಿ, ಉತ್ಸಾಹಿಗಳಷ್ಟೇ ತುಂಬುತ್ತಾರೆ. ಸಾವಿರ ಮಂದಿಯ ಕಾಲೇಜಾದರೆ ಹಾಜರಿ ಪುಸ್ತಕದಿಂದ ಪ್ರತಿ ಹತ್ತನೆಯ ಹೆಸರು ತೆಗೆದುಕೊಂಡು ಆ ನೂರು ಜನರಿಂದಲೇ ಹೆಸರಿಲ್ಲದ ಚೀಟಿ ಪಡೆಯಿರಿ. ಒಬ್ಬರು ಗೈರಾಗಿದ್ದರೆ ಮರುದಿನ ಅವರನ್ನೇ ಹುಡುಕಬೇಕು, ಪಕ್ಕದವರನ್ನು ಕೂರಿಸಿಕೊಂಡರೆ ಲೆಕ್ಕ ಕೆಡುತ್ತದೆ. ‘ನೀವು ಎಡವೋ ಬಲವೋ’ ಎಂಬ ಪ್ರಶ್ನೆಯೂ ಬೇಡ. ಮೀಸಲಾತಿ, ಶುಲ್ಕ, ಖಾಸಗೀಕರಣದಂಥ ವಿಷಯಗಳನ್ನು ಒಂದೊಂದಾಗಿ ಕೇಳಿ. ಇಷ್ಟೆಲ್ಲ ಮಾಡಿದರೂ ಉತ್ತರದಲ್ಲಿ ಆಚೀಚೆ ಶೇ 10ರಷ್ಟು ಏರುಪೇರು ಇರುತ್ತದೆ. 70–30 ಬಂದರೆ ಒಲವಿದೆ ಎನ್ನಬಹುದು, 54–46 ಬಂದರೆ ಏನೂ ಹೇಳಲಾಗದು.