ಗೊತ್ತಿದ್ದೂ ಬಾಯಿ ಬಿಡದವರು

ಹೊಸ ಕಾದಂಬರಿಗೆ ಕೈಹಾಕಿದಾಗ, ಕೊಲೆಗಾರ ಯಾರೆಂದು ತೀರ್ಮಾನವಾಗುವ ಮುಂಚೆಯೇ ನಾನೊಂದು ದೊಡ್ಡ ಹಾಳೆಗೆ ಗೆರೆ ಎಳೆಯುತ್ತೇನೆ. ಮೊದಲ ಕಾಲಂ ಓದುಗರದ್ದು, ಮಿಕ್ಕವು ಒಂದೊಂದು ಪಾತ್ರದ್ದು. ಅಧ್ಯಾಯ ಮುಗಿಯುವ ಹೊತ್ತಿಗೆ ಯಾರಿಗೆ ಏನು ಗೊತ್ತಾಗಿದೆ ಎಂದು ಬರೆಯುತ್ತಾ ಹೋಗುತ್ತೇನೆ. ಎರಡು ಅಧ್ಯಾಯ ಕಳೆದರೂ ಎಲ್ಲರಿಗೂ ಒಂದೇ ವಿಷಯ ಗೊತ್ತಿದ್ದರೆ ಅಲ್ಲಿ ಕಥೆ ನಿಂತ ನೀರಾಗಿದೆ ಅಂತಲೇ ಲೆಕ್ಕ. ಎಷ್ಟೇ ಗುಂಡು ಹಾರಿಸಿ, ಎಷ್ಟೇ ಕಾರು ಓಡಿಸಿ, ಅದು ಅಲ್ಲಾಡುವುದಿಲ್ಲ.

ಥ್ರಿಲ್ಲರ್ ಅಂದರೆ ಗುಟ್ಟು ಕಾಯುವ ಕಲೆ ಅಂತ ಹೊಸಬರು ಅಂದುಕೊಂಡಿರುತ್ತಾರೆ. ಕಾರ್ಯಾಗಾರಗಳಿಗೆ ಬರುವವರ ಹಸ್ತಪ್ರತಿಗಳಲ್ಲಿ ಇನ್ನೂರು ಪುಟ ಎಲ್ಲವನ್ನೂ ಮುಚ್ಚಿಟ್ಟು ಕೊನೆಯ ಹತ್ತು ಪುಟದಲ್ಲಿ ಸುರಿದುಬಿಟ್ಟಿರುತ್ತಾರೆ. ಅಲ್ಲಿಯವರೆಗೆ ಓದುಗ ಯಾಕೆ ಕಾಯಬೇಕು? ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋಗೆ ಕೊಟ್ಟ ಸಂದರ್ಶನ 1966ರಲ್ಲಿ ಪುಸ್ತಕವಾಯಿತು. ಅದರಲ್ಲಿ ಮೇಜಿನ ಕೆಳಗಿನ ಬಾಂಬಿನ ಪ್ರಸಿದ್ಧ ಉದಾಹರಣೆ ಇದೆ. ಇಬ್ಬರು ಕೂತು ಮಾತಾಡುತ್ತಿದ್ದಾರೆ, ಇದ್ದಕ್ಕಿದ್ದಂತೆ ಸ್ಫೋಟ: ಪ್ರೇಕ್ಷಕರಿಗೆ ಸಿಗುವುದು ಹದಿನೈದು ಸೆಕೆಂಡಿನ ಬೆಚ್ಚು. ಬಾಂಬ್ ಇರುವುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಅದೇ ದೃಶ್ಯ ಹದಿನೈದು ನಿಮಿಷ ಜೀವ ಹಿಂಡುತ್ತದೆ. ಇದಕ್ಕೆ ನನ್ನದೊಂದು ಸೇರ್ಪಡೆ ಇದೆ. ಆ ಇಬ್ಬರು ಮುಂದಿನ ವಾರದ ವಿಷಯ ಮಾತಾಡುತ್ತಿರಬೇಕು. ನಾಳೆಯನ್ನು ನಂಬಿಕೊಂಡವರ ಮೇಜಿನ ಕೆಳಗಿನ ಬಾಂಬಿಗೇ ಹೆಚ್ಚು ಸದ್ದು.

ನನ್ನ ಅತ್ತೆ ಯಾವ ಕಾದಂಬರಿ ಕೈಗೆ ಸಿಕ್ಕರೂ ಮೊದಲು ಕೊನೆಯ ಅಧ್ಯಾಯ ಓದುತ್ತಾರೆ. ಸೊಸೆ ಬರೆದದ್ದಕ್ಕೂ ರಿಯಾಯಿತಿ ಇಲ್ಲ. ಆಮೇಲೆ ಮೊದಲಿನಿಂದ ಶುರು ಮಾಡಿ, ಮಧ್ಯದಲ್ಲಿ "ಅಯ್ಯೋ, ಅವನ ಜೊತೆ ಹೋಗ್ಬೇಡ್ವೇ" ಅಂತ ನಾಯಕಿಗೆ ಬುದ್ಧಿ ಹೇಳುತ್ತಾರೆ. "ಅಂತ್ಯ ಓದಿಯೇ ಬಿಟ್ಟಿದ್ದೀರಲ್ಲ ಅತ್ತೆ, ಅವಳು ಬದುಕುತ್ತಾಳೆ" ಅಂದರೆ, "ನನಗೆ ಗೊತ್ತು ಕಣೇ, ಅವಳಿಗೆ ಗೊತ್ತಾ?" ಅನ್ನುತ್ತಾರೆ. ನಮ್ಮ ಕಸುಬಿನ ಬಗ್ಗೆ ಇದಕ್ಕಿಂತ ಚುಟುಕಾದ ಪಾಠ ನಾನು ಕೇಳಿಲ್ಲ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಜೊನಾಥನ್ ಲೀವಿಟ್ ಮತ್ತು ನಿಕೋಲಸ್ ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಸಣ್ಣಕಥೆಗಳನ್ನು ಓದಲು ಕೊಟ್ಟು, ಕೆಲವರಿಗೆ ಅಂತ್ಯವನ್ನು ಮೊದಲೇ ಹೇಳಿಬಿಟ್ಟಿದ್ದರು. ಸರಾಸರಿಯಲ್ಲಿ ಅಂತ್ಯ ಗೊತ್ತಿದ್ದವರೇ ಕಥೆಯನ್ನು ಹೆಚ್ಚು ಮೆಚ್ಚಿದರು. ಬೇರೆಯವರು ಆಮೇಲೆ ನಡೆಸಿದ ಪ್ರಯೋಗಗಳಲ್ಲಿ ತದ್ವಿರುದ್ಧ ಫಲಿತಾಂಶವೂ ಬಂದಿದೆ, ಹಾಗಾಗಿ ಅತ್ತೆ ಗೆದ್ದರು ಅಂತ ಘೋಷಿಸಲಾರೆ. ಆದರೆ ಗುಟ್ಟು ರಟ್ಟಾದರೆ ಕಾದಂಬರಿ ಸತ್ತುಹೋಗುತ್ತದೆ ಅನ್ನುವ ಭಯ ನನಗಂತೂ ಹೋಗಿದೆ. ಗೊತ್ತಿಲ್ಲದ್ದು ಕುತೂಹಲ ಹುಟ್ಟಿಸುತ್ತದೆ. ಗೊತ್ತಿದ್ದೂ ಹೇಳಲಾಗದ್ದು ಉಸಿರು ಕಟ್ಟಿಸುತ್ತದೆ. ಎರಡನೆಯದಕ್ಕೆ ಪೊಲೀಸ್ ಠಾಣೆಗೋ ಶವಾಗಾರಕ್ಕೋ ಹೋಗಬೇಕಿಲ್ಲ. ಸಂಸಾರವೆಂದಮೇಲೆ ಅದು ಧಾರಾಳವಾಗಿ ಇದ್ದೇ ಇರುತ್ತದೆ.

ಅಪ್ಪನ ಬಯಾಪ್ಸಿ ವರದಿ ಬಂದ ದಿನ ಅದು ನನ್ನ ಕೈಚೀಲದಲ್ಲಿತ್ತು. ಓದಿದ್ದವರು ನಾನು ಮತ್ತು ಅಣ್ಣ ಇಬ್ಬರೇ. ಇನ್ನೊಬ್ಬ ವೈದ್ಯರನ್ನು ಕೇಳಿದ ಮೇಲೆ ಅಪ್ಪ ಅಮ್ಮನಿಗೆ ಹೇಳೋಣ ಅಂತ ಮಾತಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾರಸಿಯ ಮಾತು ತೆಗೆದರು. ಮಳೆಗಾಲಕ್ಕೆ ಮುಂಚೆ ಸೋರುವ ಕಡೆಯನ್ನೆಲ್ಲ ಒಡೆಸಿ ಹೊಸದಾಗಿ ಹಾಕಿಸಬೇಕು ಅಂದರು. ಅದು ಅಪ್ಪ ಮತ್ತು ಅಣ್ಣನ ನಡುವಿನ ಹಳೆಯ ಜಗಳ. ತೇಪೆ ಹಾಕಿದರೆ ಸಾಕು ಅನ್ನುವುದು ಅಣ್ಣನ ಪಕ್ಷ. ಆ ರಾತ್ರಿ ಮಾತ್ರ ಅವನು ತಲೆ ಎತ್ತದೆ, "ಆಯ್ತಪ್ಪ, ಮಾಡಿಸಿಬಿಡೋಣ" ಅಂದ. ಅಪ್ಪ ಗೆದ್ದ ಖುಷಿಯಲ್ಲಿ ಸಿಮೆಂಟಿನ ಲೆಕ್ಕ ಶುರು ಮಾಡಿದರು. ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬಡಿಸುವುದನ್ನು ಮುಂದುವರಿಸಿದರು. ಪಾತ್ರೆ ಎತ್ತಿಡುವಾಗ ಬಂದು, "ವರದಿ ಯಾರ ಹತ್ತಿರ ಇದೆ?" ಅಂತ ಕೇಳಿದರು.

ಅಪ್ಪನಿಗೆ ಚಿಕಿತ್ಸೆಯಾಯಿತು, ಗುಣವಾದರು, ತಾರಸಿಯೂ ಆಯಿತು. ನನ್ನ ತಲೆಯಲ್ಲಿ ಉಳಿದದ್ದು ಒಂದೇ ಸಲಕ್ಕೆ ಬಂದ ಆ ಒಪ್ಪಿಗೆ. ಮುಖ ಕಪ್ಪಿಡುವುದು, ಕೈ ನಡುಗುವುದು, ಲೋಟ ಜಾರಿ ಬೀಳುವುದು, ಇವೆಲ್ಲ ಬರಹಗಾರರು ಒಬ್ಬರಿಂದೊಬ್ಬರು ಕಡ ತಂದ ಸಾಮಾನು. ಮುಚ್ಚಿಡುವ ಮನುಷ್ಯ ಸಾಮಾನ್ಯವಾಗಿ ಎಂದಿಗಿಂತ ಒಳ್ಳೆಯವನಾಗಿ ನಡೆದುಕೊಳ್ಳುತ್ತಾನೆ. ವರ್ಷಗಳ ನಂತರ ಒಂದು ಕಾದಂಬರಿಯಲ್ಲಿ, ಗಂಡನ ಮೇಲೆ ಹೆಂಡತಿಗೆ ಮೊದಲ ಅನುಮಾನ ಬರುವುದು ಅವನು ಜಗಳವನ್ನು ಅರ್ಧಕ್ಕೆ ಬಿಟ್ಟುಕೊಟ್ಟಾಗ. ಅಣ್ಣ ಓದಿ ಫೋನ್ ಮಾಡಿದ: "ಇದು ನಾನೇ ಅಲ್ವೇನೇ?" ಮನೆಯವರಿಂದ ಚಹರೆ, ವರ್ತನೆ ಎತ್ತಿಕೊಳ್ಳುತ್ತೇನೆ, ಅವರ ಕಾಯಿಲೆ, ಸಾಲ, ಜಗಳದ ಕಾರಣಗಳನ್ನು ಮುಟ್ಟುವುದಿಲ್ಲ. ಈ ಗೆರೆ ದಾಟಿ ಒಳ್ಳೆಯ ಪುಸ್ತಕ ಬರೆದವರಿದ್ದಾರೆ. ನನಗೆ ಹಬ್ಬಕ್ಕೆ ಮನೆಗೆ ಹೋಗುವುದಿರುತ್ತದೆ.

ಬರೆಯಲು ಬಿಡುವು ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆ ಗಂಡಸು ಲೇಖಕರಿಗಿಂತ ನನಗೇ ಹೆಚ್ಚು ಬರುತ್ತದೆ. ಸಿಗುವುದಿಲ್ಲ, ತುಂಡು ತುಂಡಾಗಿ ಸಿಗುತ್ತದೆ. ಅಡ್ಡಿಯಾದ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಎಂಬ ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ ಅವರ 1927ರ ಪ್ರಬಂಧವನ್ನು ಎಲ್ಲರೂ ಉದ್ಧರಿಸುತ್ತಾರೆ, ಆದರೆ ಮುಂದಿನ ಪ್ರಯೋಗಗಳು ಅದನ್ನು ಸದಾ ಸಮರ್ಥಿಸಿಲ್ಲ. ಅವರ ಸಹಪಾಠಿ ಮರಿಯಾ ಒವ್ಸ್ಯಾಂಕಿನಾ 1928ರಲ್ಲಿ ಕಂಡದ್ದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅರ್ಧಕ್ಕೆ ತಡೆದ ಕೆಲಸಕ್ಕೆ, ಯಾರೂ ಹೇಳದಿದ್ದರೂ, ಜನ ತಾವಾಗಿಯೇ ಮರಳುತ್ತಾರೆ. ಅಧ್ಯಾಯ ಮುಗಿಸಿ ಎದ್ದರೆ ಮರುದಿನ ಕೂರಲು ಸಬೂಬು ಹುಡುಕುತ್ತೇನೆ. ಬಾಗಿಲ ಚಿಲಕದ ಮೇಲೆ ಯಾರೋ ಕೈ ಇಟ್ಟ ವಾಕ್ಯದಲ್ಲಿ ಯಾರಾದರೂ ಕರೆದರೆ, ಬಟ್ಟೆ ಒಣಹಾಕುವಾಗಲೂ ಆ ಚಿಲಕ ಬಿಡುವುದಿಲ್ಲ. ಹಾಗಂತ ಕರೆದಾಗ ಸಿಡುಕುವುದಿಲ್ಲ ಅಂತೇನಲ್ಲ.

ನಮ್ಮನೆಯವರು ಮೊದಲ ಕರಡು ಓದುತ್ತಾರೆ. ವಿಧಿವಿಜ್ಞಾನದ ಭಾಗ ಅವರ ಕೈಗೆ ಹೋಗುವ ಮುಂಚೆ ನಾನೇ ಸರಿಮಾಡಿಕೊಂಡಿರುತ್ತೇನೆ. ಕ್ಲೋರೋಫಾರ್ಮ್ ಕರವಸ್ತ್ರ ಮೂಗಿಗೆ ಹಿಡಿದ ತಕ್ಷಣ ಯಾರೂ ಕುಸಿಯುವುದಿಲ್ಲ, ನಿಮಿಷಗಳೇ ಬೇಕು. ಸತ್ತ ದೇಹ ಕೆಲವು ಗಂಟೆಗಳಲ್ಲಿ ರೆಪ್ಪೆ, ದವಡೆಯಿಂದ ಸೆಟೆಯತೊಡಗುತ್ತದೆ, ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಆದ್ದರಿಂದ "ಸಾವು 10.15ಕ್ಕೆ ಸಂಭವಿಸಿದೆ" ಅನ್ನುವ ವೈದ್ಯರು ಕಾದಂಬರಿಗಳಲ್ಲಷ್ಟೇ ಇದ್ದಾರೆ. ಇವು ಪುಸ್ತಕ ತೆಗೆದರೆ ಸಿಗುವ ವಿಷಯ. ನಮ್ಮನೆಯವರ ತಕರಾರುಗಳೇ ಬೇರೆ: ಇವಳು ಒಲೆ ಆರಿಸದೆ ಹೊರಗೆ ಓಡುತ್ತಾಳಾ, ಮೂರು ದಿನ ತಲೆಮರೆಸಿಕೊಂಡವನ ಮಗುವನ್ನು ಶಾಲೆಯಿಂದ ಕರೆತಂದವರು ಯಾರು. ಕೊಲೆಯನ್ನು ಓದುಗರು ಸುಲಭವಾಗಿ ನಂಬುತ್ತಾರೆ, ಯಾರೂ ಕರೆತರದ ಮಗುವನ್ನು ನಂಬುವುದಿಲ್ಲ.

ಮೊಬೈಲ್ ಬಂದಮೇಲೆ ಸಸ್ಪೆನ್ಸ್ ಸತ್ತಿತು, ಒಂದು ಕರೆ ಮಾಡಿದರೆ ಎಲ್ಲ ಮುಗಿಯುತ್ತದೆ ಅಂತ ಕೊರಗುವ ಸಹಲೇಖಕರು ನನಗಿದ್ದಾರೆ. ಬ್ಯಾಟರಿ ಮುಗಿಸುವುದು, ಸಿಗ್ನಲ್ ಕಳೆಯುವುದು ಅವರ ಪರಿಹಾರ. ನನಗೆ ಅದು ಸೋಮಾರಿತನ ಅನ್ನಿಸುತ್ತದೆ. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ಎರಡು ನೀಲಿ ಗೀಟು ತಂದಿತಲ್ಲ, ಅದು ನಮ್ಮ ಕಸುಬಿಗೆ ಪುಕ್ಕಟೆ ಸಿಕ್ಕ ವರ. ರಾತ್ರಿ "ಎಲ್ಲಿದ್ದೀಯ?" ಅಂತ ಮಗನಿಗೆ ಕಳಿಸಿದ ಸಂದೇಶಕ್ಕೆ ನೀಲಿ ಬಂದಿದೆ, ಉತ್ತರ ಬಂದಿಲ್ಲ. ಅವನು ಓದಿದ್ದಾನೆ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವನಿಗೂ ಗೊತ್ತು. ಹಾಗೆ ಕಳೆದ ಅರ್ಧ ಗಂಟೆಯನ್ನು ಈಗಿನ ಕಾದಂಬರಿಗೆ ಹಾಕಿದ್ದೇನೆ, ಅಲ್ಲಿ ಫೋನ್ ಮಗನ ಕೈಯಲ್ಲಿಲ್ಲ. ಮಗ ಆ ಅಧ್ಯಾಯ ಓದಿ ತನ್ನ ಫೋನಿನಲ್ಲಿ ನೀಲಿ ಗೀಟು ಆಫ್ ಮಾಡಿಕೊಂಡ. ಹದಿಹರೆಯದ ಯಾರೇ ಆದರೂ ಇದನ್ನೇ ಮಾಡುವುದು, ನಿನ್ನ ಕಥೆಯ ಹುಡುಗ ಯಾಕೆ ಮಾಡಿಲ್ಲ ಅಂತಲೂ ಕೇಳಿದ. ಅದಕ್ಕೊಂದು ಕಾರಣ ಹುಡುಕಿ ಮೂರನೇ ಅಧ್ಯಾಯದಲ್ಲೇ ಹಾಕಬೇಕು.