ಒಂದು ಮಗುವಾದರೆ ಎಲ್ಲ ಸರಿಹೋಗುತ್ತಾ? ಎಂಡೊಮೆಟ್ರಿಯೋಸಿಸ್ ಚಿಕಿತ್ಸೆಯ ಹಿಂದಿನ ಕತೆ

ಮುಟ್ಟಿನ ನೋವಿಗೆ ಮಂಡಿ ಮಡಚಿಕೊಂಡು ನೆಲದ ಮೇಲೆ ಮಲಗುವ ಹುಡುಗಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವುದು ಜೀರಿಗೆ ಕಷಾಯ. ಆಮೇಲೆ ಸಿಗುವುದು ಒಂದು ಮಾತು: "ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ ಕಣೇ." ಅಜ್ಜಿ ಹೇಳಿದರೆ ಹ್ಞೂಂ ಅಂದು ಸುಮ್ನಿರಬಹುದು. ನನ್ನ ಚಿಕ್ಕಮ್ಮನ ಮಗಳಿಗೆ ಇದನ್ನೇ ಹೇಳಿದ್ದು ಒಬ್ಬ ಡಾಕ್ಟರು, ಅದೂ ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು. ಎಡ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರ್ ಚಾಕೊಲೇಟ್ ಸಿಸ್ಟ್, ಅಂದರೆ ಎಂಡೊಮೆಟ್ರಿಯೋಸಿಸ್ ಕಾಯಿಲೆಯಿಂದ ಆಗುವ ಗಡ್ಡೆ. ಅವಳಿಗಾಗ 26 ವರ್ಷ, ಮದುವೆ ಗೊತ್ತಾಗಿತ್ತು. "ಬೇಗ ಮಗು ಮಾಡಿಕೊಳ್ಳಿ, ಅದೇ ಔಷಧಿ" ಅಂದರಂತೆ. ಇನ್ನೊಬ್ಬರು ಮೊದಲು ಆಪರೇಷನ್ ಅಂದರು. ಮೂರನೆಯವರು ಆರು ತಿಂಗಳು ಮಾತ್ರೆ ತಗೊಳ್ಳಿ, ಆಮೇಲೆ ನೋಡೋಣ ಅಂದರು. ಮೂರು ಡಾಕ್ಟರು, ಮೂರು ದಾರಿ. ಅವಳು ನನಗೆ ಫೋನ್ ಮಾಡಿ ಅತ್ತಳು.

ಆಗ ಓದೋಕೆ ಶುರು ಮಾಡಿದೆ. ಓದುತ್ತಾ ಗೊತ್ತಾಗಿದ್ದು ಏನಂದರೆ, ಆ ಮೂವರೂ ಸುಮ್ಮನೆ ಬಾಯಿಗೆ ಬಂದದ್ದು ಹೇಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದ ವೈದ್ಯಶಾಸ್ತ್ರ ಮಾತಾಡಿದ್ದರು, ಅಷ್ಟೇ.

ಮೊದಲು ಕಾಯಿಲೆ ಏನು ಅಂತ. ಗರ್ಭಕೋಶದ ಒಳಗೋಡೆಗೆ ಒಂದು ಪದರ ಇರುತ್ತದೆ, ಪ್ರತಿ ತಿಂಗಳು ಬೆಳೆದು ಮುಟ್ಟಿನಲ್ಲಿ ಹೊರಗೆ ಹೋಗುತ್ತದೆ. ಅದೇ ಥರದ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಹತ್ತಿರ ಬೆಳೆದರೆ ಎಂಡೊಮೆಟ್ರಿಯೋಸಿಸ್. ಅಲ್ಲೂ ಹಾರ್ಮೋನಿನ ತಾಳಕ್ಕೆ ಅದು ಊದುತ್ತದೆ, ರಕ್ತ ಒಸರುತ್ತದೆ, ಆದರೆ ಹೊರಗೆ ಹೋಗೋಕೆ ದಾರಿ ಇಲ್ಲ. ಊತ, ನೋವು, ಗಾಯ, ಕೊನೆಗೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದು ಇದೆ. ಇಷ್ಟು ಜನಕ್ಕಿದ್ದರೂ ಕಾಯಿಲೆ ಇದೇ ಅಂತ ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ, ಯಾಕಂದರೆ ಮುಟ್ಟಿನ ನೋವು ಎಲ್ಲರಿಗೂ ಇರೋದೇ ಅಲ್ವಾ!

ಚಾಕೊಲೇಟ್ ಸಿಸ್ಟ್ ಅನ್ನುವ ಹೆಸರನ್ನು ವೈದ್ಯಕೀಯದಲ್ಲಿ ಓಡಾಡುವಂತೆ ಮಾಡಿದವನು ಜಾನ್ ಸ್ಯಾಂಪ್ಸನ್. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಡಾಕ್ಟರು. 1921ರಲ್ಲಿ ಆತ ಅಂಡಾಶಯದ ಈ ಗಡ್ಡೆಗಳ ಬಗ್ಗೆ ಬರೆದ. ಒಳಗೆ ಹಳೆಯ ರಕ್ತ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ, ಕರಗಿದ ಚಾಕೊಲೇಟಿನ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು (ಇಷ್ಟು ಕೆಟ್ಟ ಕಾಯಿಲೆಗೆ ಇಷ್ಟು ಸಿಹಿ ಹೆಸರು ಯಾಕೆ ಬೇಕಿತ್ತೋ). ಮುಟ್ಟಿನ ರಕ್ತ ಸ್ವಲ್ಪ ಗರ್ಭನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅಲ್ಲಿ ಬೇರು ಬಿಡುತ್ತದೆ ಅಂತ 1927ರಲ್ಲಿ ವಿವರಿಸಿದವನೂ ಆತನೇ. ಇವತ್ತಿಗೂ ಜಾಸ್ತಿ ಜನ ಒಪ್ಪುವ ವಿವರಣೆ ಇದು. ಆದರೆ ಮುಟ್ಟಾಗುವ ಬಹುಪಾಲು ಹೆಂಗಸರಲ್ಲಿ ರಕ್ತ ಹೀಗೆ ಹಿಂದಕ್ಕೆ ಹರಿಯುತ್ತದೆ, ಕಾಯಿಲೆ ಬರೋದು ಕೆಲವರಿಗೆ ಮಾತ್ರ. ಹಾಗಾಗಿ ಕತೆ ಅಲ್ಲಿಗೇ ಮುಗಿದಿಲ್ಲ.

ಇನ್ನು "ಬೇಗ ಮಗು ಮಾಡಿಕೊಳ್ಳಿ" ಅನ್ನೋದು. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಆದರೆ ಇದಕ್ಕೆ ಡಾಕ್ಟರ ಮುದ್ರೆ ಬಿದ್ದದ್ದು ಬಾಸ್ಟನ್‌ನಲ್ಲಿ. ಜೋ ವಿನ್ಸೆಂಟ್ ಮೇಗ್ಸ್ ಅಂತ ದೊಡ್ಡ ಹೆಸರಿನ ಡಾಕ್ಟರು 1930ರ ಕೊನೆ ಮತ್ತು 40ರ ದಶಕದಲ್ಲಿ ಇದನ್ನು ಜೋರಾಗಿ ಹೇಳುತ್ತಿದ್ದರು. ಹಣ ಕೊಟ್ಟು ಬರುವ ಅವರ ಖಾಸಗಿ ರೋಗಿಗಳಲ್ಲಿ ಈ ಕಾಯಿಲೆ ಜಾಸ್ತಿ ಕಾಣುತ್ತಿತ್ತು, ಧರ್ಮಾಸ್ಪತ್ರೆ ವಾರ್ಡಿನ ಬಡ ಹೆಂಗಸರಲ್ಲಿ ಕಡಿಮೆ. ಕಾರಣ ಏನು? ಓದಿಕೊಂಡ, ಅನುಕೂಲಸ್ಥ ಹೆಂಗಸರು ತಡವಾಗಿ ಮದುವೆಯಾಗುತ್ತಾರೆ, ಮಕ್ಕಳನ್ನು ಮುಂದೂಡುತ್ತಾರೆ, ಅದಕ್ಕೇ ಬಂತು ಅಂತ ತೀರ್ಮಾನ. ಮದ್ದು ಬೇಗ ಮದುವೆ, ಬೇಗ ಮಕ್ಕಳು. ಮುಂದೆ ಇದಕ್ಕೆ "ಕೆಲಸಕ್ಕೆ ಹೋಗುವ ಹೆಂಗಸರ ಕಾಯಿಲೆ" ಅಂತಲೇ ಹೆಸರು ಬಿತ್ತು.

ಆ ಲೆಕ್ಕದಲ್ಲಿ ಒಂದು ತೂತಿತ್ತು. ಆಗ ಕಾಯಿಲೆ ಖಚಿತವಾಗಬೇಕಾದರೆ ಹೊಟ್ಟೆ ಕುಯ್ದು ನೋಡಬೇಕಿತ್ತು. ಹಣ ಇದ್ದವರ ಹೊಟ್ಟೆನೋವನ್ನು ಹುಡುಕಿದರು, ಇಲ್ಲದವರ ಹೊಟ್ಟೆನೋವಿಗೆ ಬೇರೆ ಹೆಸರಿಟ್ಟು ಕಳಿಸಿದರು. 1976ರಲ್ಲಿ ಡೊನಾಲ್ಡ್ ಚಾಟ್‌ಮನ್ ಅನ್ನುವ ಶಿಕಾಗೋದ ಡಾಕ್ಟರು, ಹೊಟ್ಟೆಯ ಸೋಂಕು ಅಂತ ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಕಪ್ಪು ಹೆಂಗಸರನ್ನು ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷಿಸಿ ನೋಡಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್. ಕಾಯಿಲೆ ಎಲ್ಲ ಕಡೆ ಇತ್ತು, ನೋಡುವ ಕಣ್ಣು ಇರಲಿಲ್ಲ.

ಹಾಗಂತ ಮೇಗ್ಸ್ ಕಂಡದ್ದೆಲ್ಲ ಸುಳ್ಳಲ್ಲ. ಬಸಿರಿನಲ್ಲಿ ಒಂಬತ್ತು ತಿಂಗಳು ಮುಟ್ಟಿಲ್ಲ, ಮೊಲೆಹಾಲು ಕೊಡುವಾಗ ಇನ್ನಷ್ಟು ತಿಂಗಳು ಇಲ್ಲ. ಹಲವರಿಗೆ ನೋವು ತಣ್ಣಗಾಗುತ್ತದೆ. ಐದಾರು ಹೆತ್ತು ವರ್ಷಗಟ್ಟಲೆ ಹಾಲೂಡಿದ ಅಜ್ಜಿಯರಿಗೆ ಜೀವನದಲ್ಲಿ ಆಗಿದ್ದ ಮುಟ್ಟೇ ಕಡಿಮೆ. ಆದರೆ ಅದು ಬಿಡುವು, ವಾಸಿ ಅಲ್ಲ. ಮುಟ್ಟು ವಾಪಸ್ ಬಂದರೆ ನೋವೂ ಬರಬಹುದು.

ಬಸಿರು ನೋವಿಗೆ ಆರಾಮ ಕೊಡುತ್ತದೆ ಅಂದರೆ, ಬಸಿರಿನ ನಾಟಕ ಆಡಿದರೆ ಆಗಲ್ವಾ? ಇದು 50ರ ದಶಕದ ಯೋಚನೆ. ಬಾಸ್ಟನ್‌ನವರೇ ಆದ ರಾಬರ್ಟ್ ಕಿಸ್ಟ್ನರ್, ಆಗಷ್ಟೇ ಬಂದಿದ್ದ ಪ್ರೊಜೆಸ್ಟಿನ್ ಮಾತ್ರೆಗಳನ್ನು ಬಿಡದೆ ಕೊಟ್ಟು ಮುಟ್ಟನ್ನೇ ನಿಲ್ಲಿಸಿ ನೋಡಿದರು, 1958ರಲ್ಲಿ ಅದರ ಬಗ್ಗೆ ಬರೆದರು. ಇವತ್ತು ಗರ್ಭನಿರೋಧಕ ಮಾತ್ರೆ ಅಂತ ಕರೆಯುವ ಕುಟುಂಬದ್ದೇ ಔಷಧಿ ಅದು. ಆ ಕುಟುಂಬದ ಮೊದಲನೆಯದಕ್ಕೆ ಅಮೆರಿಕದಲ್ಲಿ 1957ರಲ್ಲಿ ಮುಟ್ಟಿನ ತೊಂದರೆಗಳಿಗೆ ಅಂತ ಅನುಮತಿ ಸಿಕ್ಕಿತು, ಗರ್ಭನಿರೋಧಕ್ಕೆ ಸಿಕ್ಕಿದ್ದು 1960ರಲ್ಲಿ. ನಮ್ಮ ಕಡೆ ಮದುವೆಯಾಗದ ಹುಡುಗಿಗೆ ಈ ಮಾತ್ರೆ ಬರೆದುಕೊಟ್ಟರೆ ಅಮ್ಮಂದಿರು ಮೆಡಿಕಲ್ ಶಾಪಿನ ಕವರನ್ನು ಬಚ್ಚಿಡುತ್ತಾರಲ್ಲ, ಅವರಿಗೆ ಈ ಎರಡು ಇಸವಿ ಹೇಳಬೇಕು.

70ರ ದಶಕದಲ್ಲಿ ಬಸಿರಿನ ನಾಟಕ ಹೋಗಿ ಮುಟ್ಟು ನಿಂತ ವಯಸ್ಸಿನ ನಾಟಕ ಬಂತು. ಔಷಧಿಯ ಹೆಸರು ಡ್ಯಾನಜಾಲ್. ನೋವು ಇಳಿಸುತ್ತಿತ್ತು, ಜೊತೆಗೆ ಮೊಡವೆ, ಮೈ ಬರುವುದು, ಗಡ್ಡದ ಜಾಗದಲ್ಲಿ ಕೂದಲು, ಕೆಲವರಿಗೆ ಧ್ವನಿಯೇ ದಪ್ಪ ಆಗಿ ಹಾಗೇ ಉಳಿಯುವುದು. ಅದನ್ನು ನುಂಗುವಾಗ ಗೊತ್ತಿಲ್ಲದೆ ಬಸಿರಾದರೆ ಹೆಣ್ಣು ಶಿಶುವಿಗೂ ತೊಂದರೆ. 1990ರ ಹೊತ್ತಿಗೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶವನ್ನೇ ಕಟ್ ಮಾಡುವ ಔಷಧಿ. ಮೈಯೆಲ್ಲ ಬಿಸಿ ಏರುವುದು, ಮೂಳೆ ಸವೆಯುವುದು ಇದರ ಬೆಲೆ. ಅದಕ್ಕೇ ಸಾಮಾನ್ಯವಾಗಿ ಆರು ತಿಂಗಳ ಮಿತಿ, ಜಾಸ್ತಿ ದಿನ ಬೇಕಾದರೆ ಜೊತೆಗೆ ಸ್ವಲ್ಪ ಹಾರ್ಮೋನು. ಈಗ ನಮ್ಮಲ್ಲಿ ಹೆಚ್ಚಾಗಿ ಬರೆಯುವುದು ಡೈನೊಜೆಸ್ಟ್ 2 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದು.

ಇಷ್ಟೂ ಔಷಧಿಗಳಲ್ಲಿ ಸಮಾನ ಏನು ನೋಡಿ. ಇವು ನೋವು ಇಳಿಸುವುದು ಅಂಡಾಶಯದ ತಿಂಗಳ ಕೆಲಸವನ್ನು ತಡೆದು. ಅಂದರೆ ಮಾತ್ರೆ ನುಂಗುವಷ್ಟು ದಿನ ಮಗು ಇಲ್ಲ, ಮಗುವಿಗೆ ಪ್ರಯತ್ನಿಸುವಷ್ಟು ದಿನ ಮಾತ್ರೆ ಇಲ್ಲ. ಎರಡೂ ಬೇಕು ಅನ್ನುವವಳಿಗೆ ಈ ಶಾಸ್ತ್ರ ನೂರು ವರ್ಷದಲ್ಲೂ ಒಂದೇ ಮಾತ್ರೆ ಕೊಟ್ಟಿಲ್ಲ. ನನ್ನ ತಂಗಿಯ ಇಡೀ ಗೊಂದಲ ಇರೋದು ಇಲ್ಲೇ, ಮತ್ತೆ ಮೂವರು ಡಾಕ್ಟರಲ್ಲಿ ಒಬ್ಬರೂ ಅವಳಿಗೆ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ.

"ಆರು ತಿಂಗಳು ಕಾಯಿಲೆ ಒಣಗಿಸಿ, ಆಮೇಲೆ ಪ್ರಯತ್ನಿಸಿ" ಅನ್ನುವುದು ಡ್ಯಾನಜಾಲ್ ಮತ್ತು ಇಂಜೆಕ್ಷನ್ ಕಾಲದ ನಂಬಿಕೆ. ಕೇಳೋಕೆ ಸರಿ ಅನಿಸುತ್ತದೆ, ಗದ್ದೆಯ ಕಳೆ ಕಿತ್ತು ಬೀಜ ಹಾಕಿದ ಹಾಗೆ. ಆದರೆ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಹೀಗೆ ಕಾದದ್ದರಿಂದ ಬಸಿರಾಗುವವರು ಹೆಚ್ಚಾಗಲಿಲ್ಲ. ಹೋದದ್ದು ಸಮಯ. 26ರಲ್ಲಿ ಆರು ತಿಂಗಳು ಹೋದರೆ ಹೋಯಿತು ಅನ್ನಬಹುದು, 36ರಲ್ಲಿ ಹಾಗಲ್ಲ.

ಆಪರೇಷನ್ನಿನ ಕತೆ ಇನ್ನೂ ತೊಡಕಿನದು. ಪ್ಯಾರಿಸ್‌ನ ರೌಲ್ ಪಾಮರ್ 40ರ ದಶಕದಲ್ಲಿ, ಜರ್ಮನಿಯ ಕೀಲ್ ಊರಿನ ಕರ್ಟ್ ಸೆಮ್ ಆಮೇಲೆ, ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಹಾಕುವ ಲ್ಯಾಪರೊಸ್ಕೋಪಿಯನ್ನು ಬೆಳೆಸಿದರು. ಅಲ್ಲಿಂದ ಕಾಯಿಲೆ ನೋಡುವುದು, ಸುಡುವುದು, ಕತ್ತರಿಸುವುದು ಒಟ್ಟಿಗೇ ಆಯಿತು. 1997ರಲ್ಲಿ ಕೆನಡಾದ ಒಂದು ಅಧ್ಯಯನ ಹೊರಬಂತು. ಕಾಯಿಲೆ ಕಡಿಮೆ ಇದ್ದು ಮಗುವಾಗದ 341 ಹೆಂಗಸರಲ್ಲಿ ಕೆಲವರಿಗೆ ಬರೀ ಒಳಗೆ ನೋಡಿ ಬಿಟ್ಟರು, ಕೆಲವರಿಗೆ ಕಾಯಿಲೆ ತೆಗೆದರು. 36 ವಾರದಲ್ಲಿ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 31 ಮಂದಿ ಬಸಿರಾದರು, ಬರೀ ನೋಡಿಸಿಕೊಂಡವರಲ್ಲಿ 18. ಎರಡು ವರ್ಷದ ನಂತರ ಬಂದ ಇಟಲಿಯ ಸಣ್ಣ ಅಧ್ಯಯನ ಅಂಥ ಲಾಭವೇನೂ ಇಲ್ಲ ಅಂದಿತು. ಎರಡನ್ನೂ ಸೇರಿಸಿ ನೋಡಿದವರು, ಸಣ್ಣ ಕಾಯಿಲೆಗೆ ಆಪರೇಷನ್ನಿಂದ ಸ್ವಲ್ಪ ಲಾಭ ಇದೆ ಅನ್ನುತ್ತಾರೆ.

ಸಣ್ಣ ಕಾಯಿಲೆಗೆ, ನೆನಪಿರಲಿ. ಚಾಕೊಲೇಟ್ ಸಿಸ್ಟ್ ಬೇರೆ ವಿಷಯ. ಆ ಗಡ್ಡೆಯ ಗೋಡೆ ಅಂಡಾಶಯಕ್ಕೆ ಅಂಟಿಕೊಂಡಿರುತ್ತದೆ. ಹಲಸಿನ ತೊಳೆ ಬಿಡಿಸಿದ ಹಾಗೆ ನೀಟಾಗಿ ಬರೋದಿಲ್ಲ, ಎಷ್ಟೇ ಕೈ ಪಳಗಿದವರಾದರೂ ಗೋಡೆಯ ಜೊತೆ ಒಳ್ಳೆಯ ಅಂಡಗಳೂ ಸ್ವಲ್ಪ ಬರುತ್ತವೆ. ಆಪರೇಷನ್ ನಂತರ ಎಎಂಎಚ್ ಅನ್ನುವ ರಕ್ತಪರೀಕ್ಷೆಯ ಅಂಕಿ ಇಳಿಯುವುದನ್ನು ಹಲವು ಅಧ್ಯಯನಗಳು ತೋರಿಸಿವೆ, ಎರಡೂ ಕಡೆ ಸಿಸ್ಟ್ ಇದ್ದರೆ ಇನ್ನೂ ಜಾಸ್ತಿ. ಉಳಿದಿರುವ ಅಂಡಗಳ ಅಂದಾಜು ಕೊಡುವ ಪರೀಕ್ಷೆ ಅದು, ತಾನಾಗಿ ಬಸಿರಾಗುತ್ತೀರೋ ಇಲ್ಲವೋ ಅಂತ ಹೇಳೋದಿಲ್ಲ. ಅಂಕಿ ಕಡಿಮೆ ಅಂತ ಕಂಗಾಲಾಗಬೇಡಿ, ಆದರೆ ಆಪರೇಷನ್ನಿಗೆ ಮೊದಲೇ ಮಾಡಿಸಿಕೊಳ್ಳಿ. ಇನ್ನೊಂದು, ತೆಗೆದ ಮೇಲೂ ಕಾಯಿಲೆ ತಿರುಗಿ ಬರುವುದುಂಟು: ಎರಡು ವರ್ಷದಲ್ಲಿ ಐವರಲ್ಲಿ ಒಬ್ಬರಿಗೆ, ಐದು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ. ಮತ್ತೆ ಮತ್ತೆ ಕುಯ್ಯಿಸಿಕೊಂಡರೆ ಅಂಡಾಶಯದಲ್ಲಿ ಉಳಿಯೋದೇನು?

ಐವಿಎಫ್, ಅಂದರೆ ಅಂಡವನ್ನೂ ವೀರ್ಯವನ್ನೂ ಮೈಯ ಹೊರಗೆ ಸೇರಿಸುವ ಚಿಕಿತ್ಸೆ, ಬಂದ ಮೇಲೆ ಲೆಕ್ಕವೇ ಬದಲಾಯಿತು. 1978ರ ಜುಲೈ 25ಕ್ಕೆ ಇಂಗ್ಲೆಂಡಿನಲ್ಲಿ ಹೀಗೆ ಹುಟ್ಟಿದ ಜಗತ್ತಿನ ಮೊದಲ ಮಗು ಲೂಯಿಸ್ ಬ್ರೌನ್, ಅದೇ ವರ್ಷ ಅಕ್ಟೋಬರ್ 3ಕ್ಕೆ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ (ಆ ಮನುಷ್ಯನನ್ನು ಸರ್ಕಾರಿ ಸಮಿತಿ ನಂಬಲಿಲ್ಲ, 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು, ಗೌರವ ಸಿಕ್ಕಿದ್ದು ಸತ್ತ ಮೇಲೆ). ಟ್ಯೂಬು (ಗರ್ಭನಾಳ) ಅಂಟಿಕೊಂಡಿದ್ದರೂ ಅಂಡವನ್ನು ಸೂಜಿಯಿಂದ ತೆಗೆದು ಹೊರಗೆ ಭ್ರೂಣ ಮಾಡಬಹುದು ಅಂದಾದ ಮೇಲೆ, ಎಲ್ಲ ಅಂಟನ್ನೂ ಬಿಡಿಸಲೇಬೇಕು ಅನ್ನುವ ಹಟ ಬೇಕಾಗಲಿಲ್ಲ. ಯುರೋಪಿನ ಸಂತಾನ ಚಿಕಿತ್ಸೆಯ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ, ಐವಿಎಫ್ ಫಲ ಹೆಚ್ಚಿಸಲಿಕ್ಕೆ ಅಂತಲೇ ಮೊದಲು ಸಿಸ್ಟ್ ತೆಗೆಯಬೇಡಿ ಅನ್ನುತ್ತದೆ. ನೋವು ತಡೆಯಲಾಗದಿದ್ದರೆ ಅಥವಾ ಸೂಜಿ ಹೋಗೋಕೆ ಸಿಸ್ಟೇ ಅಡ್ಡ ಇದ್ದರೆ ಮಾತು ಬೇರೆ. ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಓದಿ ನಾನು ಗಟ್ಟಿಯಾಗಿ ನಕ್ಕೆ: ಕಾಯಿಲೆ ವಾಸಿಯಾಗಲಿ ಅನ್ನುವ ಒಂದೇ ಕಾರಣಕ್ಕೆ ಬಸಿರಾಗಿ ಅಂತ ಯಾರಿಗೂ ಸಲಹೆ ಕೊಡಬೇಡಿ. ಮೇಗ್ಸ್ ಮಾತಿಗೆ ಉತ್ತರ ಬರೋಕೆ 80 ವರ್ಷ ಹಿಡಿಯಿತು.

ಹಾಗಾದರೆ ಈಗ ಯಾವುದನ್ನು ಆರಿಸಿಕೊಳ್ಳೋದು? ಕಾಯಿಲೆಯ "ಸ್ಟೇಜ್" ಕೇಳಿ ಹೆದರುವವರೇ ಜಾಸ್ತಿ. ಒಂದರಿಂದ ನಾಲ್ಕರವರೆಗಿನ ಆ ಅಂಕಿಗೂ ನೋವಿಗೂ ತಾಳೆ ಆಗೋದಿಲ್ಲ, ಬಸಿರಿಗೂ ಅಷ್ಟಕ್ಕಷ್ಟೇ. ಅದಕ್ಕೇ 2010ರಲ್ಲಿ ಆಡಮ್ಸನ್ ಮತ್ತು ಪಾಸ್ಟಾ ಅನ್ನುವವರು ಇಎಫ್‌ಐ ಅಂತ ಸೊನ್ನೆಯಿಂದ ಹತ್ತರ ಇನ್ನೊಂದು ಅಂಕ ಮಾಡಿದರು. ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಹಿಂದೆ ಬಸಿರಾಗಿತ್ತಾ, ಆಪರೇಷನ್ ಮುಗಿದಾಗ ಟ್ಯೂಬು ಮತ್ತು ಅಂಡಾಶಯ ಹೇಗಿವೆ ಅನ್ನೋದೆಲ್ಲ ಅದರಲ್ಲಿ ಬರುತ್ತದೆ. ಅಂಕ ಜಾಸ್ತಿ ಇದ್ದರೆ ಸ್ವಲ್ಪ ದಿನ ತಾನಾಗೇ ಪ್ರಯತ್ನಿಸಬಹುದು, ಕಡಿಮೆ ಇದ್ದರೆ ಕಾಯದೆ ಐವಿಎಫ್ ಕಡೆ ಹೋಗುವುದು. ನಡುವೆ ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಮೆಟ್ಟಿಲೂ ಇದೆ, ಕಾಯಿಲೆ ಕಡಿಮೆ ಇದ್ದು ಟ್ಯೂಬು ತೆರೆದಿದ್ದರೆ. ಇದಕ್ಕೆಲ್ಲ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಬೇಕು. ಅಗ್ಗದ ಪರೀಕ್ಷೆ, ಕುಯ್ಯೋದಿಲ್ಲ, ಚುಚ್ಚೋದಿಲ್ಲ, ಆದರೂ ನಮ್ಮಲ್ಲಿ ಅದು ಕೊನೆಗೇ ಆಗೋದು, ಹೆಂಗಸಿನ ಮೈಯನ್ನು ಪೂರ್ತಿ ತಡಕಾಡಿ ಆದ ಮೇಲೆ.

ತಂಗಿ ನಾಲ್ಕನೇ ಡಾಕ್ಟರ ಹತ್ತಿರ ಹೋದಳು. ಅವರು ಮೊದಲು ಕೇಳಿದ್ದು "ಮಗು ಯಾವಾಗ ಬೇಕು ನಿಮಗೆ?" ಅಂತ. ಮದುವೆಗೆ ಇನ್ನೂ ಐದು ತಿಂಗಳಿತ್ತು, ಅಲ್ಲಿಯವರೆಗೆ ಡೈನೊಜೆಸ್ಟ್. ಮದುವೆಯ ನಂತರ ನಿಲ್ಲಿಸಿದಳು, ಸಿಸ್ಟ್ ಮುಟ್ಟಲಿಲ್ಲ, ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಒಂದು ವರ್ಷ ಗಡುವು ಇಟ್ಟುಕೊಂಡಿದ್ದರು, ಹನ್ನೊಂದನೇ ತಿಂಗಳಲ್ಲಿ ಬಸಿರು ನಿಂತಿತು. ಎಲ್ಲರಿಗೂ ಹೀಗಾಗೋದಿಲ್ಲ, ಅವಳ ಜೊತೆ ಅದೇ ಬೆಂಚಿನ ಮೇಲೆ ಕೂರುತ್ತಿದ್ದ ಇನ್ನೊಬ್ಬಳು ಎರಡನೇ ಐವಿಎಫ್ ಮಾಡಿಸುತ್ತಿದ್ದಳು, ಲಕ್ಷಗಟ್ಟಲೆ ಸಾಲ ಮಾಡಿ.

ಮಗುವಿಗೆ ಹತ್ತು ತಿಂಗಳಾದಾಗ ಅವಳಿಗೆ ಮುಟ್ಟು ಮತ್ತೆ ಶುರುವಾಯಿತು. ಎರಡನೇ ತಿಂಗಳಿಗೆ ನೋವೂ ಬಂತು, ಹಳೆಯ ಜಾಗದಲ್ಲೇ. ಚಿಕ್ಕಮ್ಮನಿಗೆ ನಂಬೋಕೇ ಆಗಲಿಲ್ಲ, "ಮಗು ಆಯ್ತಲ್ಲೇ, ಇನ್ನೇನು?" ಅಂದರು. ಈಗ ಗರ್ಭಕೋಶದಲ್ಲಿ ಹಾರ್ಮೋನ್ ಬಿಡುವ ಕಾಪರ್-ಟಿ ಹಾಕಿಸಿಕೊಂಡಿದ್ದಾಳೆ. ಅದರಲ್ಲಿ ಕಾಪರ್ ಇಲ್ಲ, ಆದರೂ ಆಸ್ಪತ್ರೆಯಲ್ಲಿ ನರ್ಸಮ್ಮ ಕೂಡ ಅದನ್ನು ಹಾಗೇ ಕರೆಯುತ್ತಾರಂತೆ. ಎರಡನೇ ಮಗು ಬೇಕು ಅನಿಸಿದ ದಿನ ತೆಗೆಸುವುದು ಅಂತ ಮಾತಾಗಿದೆ.